ಹತ್ತು ಕಟ್ಟಿನ ದಾರಿ

ನಿನ್ನೆ ನಿಪ್ಪಾಣಿಯ ಬಸ್ಸಿನಲ್ಲಿ ಪಕ್ಕದವಳ ಚೀಲದಿಂದ ಹಸಿ ಬೀಡಿ ಎಲೆಯ ವಾಸನೆ ಬಂತು. ನೀರು ಚಿಮುಕಿಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟ ಎಲೆಯ ಒಗರು ವಾಸನೆ… ಕಣ್ಣು ಮುಚ್ಚಿದೆ. ನಮ್ಮ ಪಕ್ಕದ ಮನೆಯ ಮೌಶಿ, ಓಣಿಗೆಲ್ಲ ಚಿಕ್ಕಮ್ಮ, ಕಟ್ಟೆಯ ಮೇಲೆ ಕೂತಿದ್ದಳು, ತೊಡೆಯ ಮೇಲೆ ಮೊರ, ಮೊರದ ತುಂಬ ಎಲೆ, ತಂಬಾಕು.

ಮೌಶಿಯ ಮನೆಯಲ್ಲಿ ಗಡಿಯಾರವಿತ್ತು, ಅವಳು ಅದರತ್ತ ನೋಡಿದವಳಲ್ಲ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಕಟ್ಟಿಗೆ ಕಾಲು ತಾಸು. ಅನ್ನ ಬೇಯಲು ಎರಡು ಕಟ್ಟು, ಬಸ್ಸಿನಲ್ಲಿ ಚಿಕ್ಕೋಡಿಗೆ ನಾಲ್ಕು ಕಟ್ಟು. ಹರಟುತ್ತಿರಲಿ, ತೂಕಡಿಸುತ್ತಿರಲಿ, ಬೆರಳು ತಮ್ಮ ಪಾಡಿಗೆ ಸುತ್ತುತ್ತಿದ್ದವು. ಮಧ್ಯಾಹ್ನ ಆ ಕೈ ನೋಡುತ್ತ ಕೂತರೆ ನನಗೂ ಜೊಂಪು ಹತ್ತುತ್ತಿತ್ತು…

ಅವಳ ತಂಗಿಯೂ ಹಾಗೆಯೇ ಅಂತೆ. ಅಂಕಲಿಯ ತವರಿನಲ್ಲಿ ಇಬ್ಬರೂ ಒಂದೇ ಮೊರಕ್ಕೆ ಕೈಹಾಕಿ ಬೀಡಿ ಸುತ್ತಿದವರು. ಆಮೇಲೆ ತಂಗಿ ಮಿಲಿಟರಿಯವನನ್ನು ಮದುವೆಯಾಗಿ ದಿಲ್ಲಿ ಸೇರಿದಳು. ಒಂದು ಬೆಳಿಗ್ಗೆ ತಂಗಿಯ ಮಗ ಫೋನ್ ಮಾಡಿದ. ಅವ್ವ ದವಾಖಾನೆಯಲ್ಲಿದ್ದಾಳೆ, ಉಳಿಯುವುದು ಕಷ್ಟ, ದೊಡ್ಡವ್ವ ಬಂದಳೇನು ಎಂದು ಒಂದೇ ಸಮ ಕೇಳುತ್ತಿದ್ದಾಳೆ ಎಂದ. ರೈಲಿಗಾದರೆ ಒಂದೂವರೆ ದಿನ. ಬೆಳಗಾವಿಯಿಂದ ವಿಮಾನಕ್ಕೆ ಎಷ್ಟು ಹೊತ್ತು ನೋಡು ಎಂದು ಮೌಶಿ ನನ್ನನ್ನು ಕೇಳಿದಳು.

ನಾನೋ ಮಹಾ ಜಾಣೆ. ಮೊಬೈಲ್ ನೋಡಿ ಪಟ್ಟನೆ ಹೇಳಿಬಿಟ್ಟೆ: ಸಾವಿರದ ನಾನೂರು ಚಿಲ್ಲರೆ ಕಿಲೋಮೀಟರ್, ಎರಡೂವರೆ ತಾಸು. ಮೌಶಿಯ ಮುಖ ಅರಳಿತು. ತಂಗಿಯ ಕಿವಿಗೆ ಫೋನ್ ಹಿಡಿಸಿ ಹೇಳಿದಳು: “ಹತ್ತ ಕಟ್ಟ ಸುತ್ತೂದ್ರಾಗ ಬರ್ತೀನಿ. ತಡಿ.”

ಬೆಳಗಾವಿಯವರೆಗಿನ ರಸ್ತೆ, ಅಲ್ಲಿ ಕಾಯುವ ಹೊತ್ತು, ದಿಲ್ಲಿಯಲ್ಲಿ ಇಳಿದ ಮೇಲಿನ ಟ್ರಾಫಿಕ್ಕು, ಇದ್ಯಾವುದೂ ನನಗೆ ಹೊಳೆಯಲಿಲ್ಲ. ಹಾಳಾದ ತಲೆ.

ವಿಮಾನದಲ್ಲಿ ಮೌಶಿ ಕಿಟಕಿಯ ಬದಿಗೇ ಕೂತಿದ್ದಳಂತೆ. ಕೆಳಗೆಲ್ಲ ಹಿಂಜಿದ ಅರಳೆಯಂಥ ಮೋಡ. ನೆಲ ಎಲ್ಲಿತ್ತೋ, ತಾನು ಎಲ್ಲಿದ್ದಳೋ… ಮಡಿಲಲ್ಲಿ ಬರಿಗೈ ಬೀಡಿ ಸುತ್ತುತ್ತಲೇ ಇತ್ತು. ಹತ್ತನೆಯ ಕಟ್ಟು ಮುಗಿಯುವುದಕ್ಕೂ ಗಾಲಿ ನೆಲ ಮುಟ್ಟುವುದಕ್ಕೂ ಸರಿಹೋಯಿತು.

ತಂಗಿ ಮಾತ್ರ ಫೋನ್ ಇಟ್ಟ ಗಳಿಗೆಯಿಂದಲೇ ಎಣಿಸತೊಡಗಿದ್ದಳು. ಹಾಸಿಗೆಯ ಚಾದರದ ಮೇಲೆ ಅವಳ ಬೆರಳೂ ಸುತ್ತುತ್ತಿದ್ದವು. “ಹತ್ತಾದುವು” ಅಂದಳಂತೆ, ಬಾಗಿಲ ಕಡೆ ನೋಡಿದಳಂತೆ. ಆಗ ಮೌಶಿ ಇನ್ನೂ ಬೆಳಗಾವಿಯ ವಿಮಾನ ನಿಲ್ದಾಣದಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ತಂಗಿ ಗೋಡೆಯ ಕಡೆ ಹೊರಳಿದಳು, ಮತ್ತೆ ಯಾರನ್ನೂ ಕೇಳಲಿಲ್ಲ. ಸಂಜೆ ಮೌಶಿ ಮುಟ್ಟಿದಾಗ ಆ ಕೈ ತಣ್ಣಗಾಗಿತ್ತು.

ತಪ್ಪು ನನ್ನದೆಂದು ನಾನು ಅವಳ ಮುಂದೆ ಅತ್ತೆ. ಅವಳು ನನ್ನ ತಲೆ ಸವರಿದಳು. “ನೀ ಏನ್ ಸುಳ್ಳ ಹೇಳಿಲ್ಲ ಬಿಡಬೇ. ಮನಿ ಬಾಗಲದಿಂದ ನಾನ ಎಣಿಸ್ಬೇಕಿತ್ತು.” ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಮೌಶಿಯೂ ತೀರಿಕೊಂಡಳು. ಓಣಿಯವರು ಈಗಲೂ ನನ್ನನ್ನೇ ಕೇಳುತ್ತಾರೆ, ದಿಲ್ಲಿಗೆ ಎಷ್ಟು ಹೊತ್ತು, ಮುಂಬೈಗೆ ಎಷ್ಟು ಹೊತ್ತು ಎಂದು. ನಾನು ಮೊಬೈಲ್ ತೆಗೆಯುವುದಿಲ್ಲ. ಅಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಮೊದಲು ಕೇಳುತ್ತೇನೆ.