ಕಲ್ಮಲದ ಪಟ್ಟಿಯ ಹೊಗೆ

ಕಲ್ಮಲದ ಆಚೆ, ಎರೆಹೊಲಗಳ ನಡುವೆ, ಮೊರಂ ಹಾಕಿ ಬಡಿದು ಮಾಡಿದ ಉದ್ದನೆಯ ಪಟ್ಟಿಯೊಂದಿತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಹತ್ತಿಗೆ ಕಾಯಿಕೊರಕ ಬಿದ್ದಾಗ, ಔಷಧ ಸಿಂಪಡಿಸುವ ಸಣ್ಣ ವಿಮಾನ ಅಲ್ಲಿಂದ ಏರಿ ಅಲ್ಲೇ ಇಳಿಯುತ್ತಿತ್ತು. ಪಟ್ಟಿಗೆ ಗೋಪುರವಿರಲಿಲ್ಲ, ರೇಡಿಯೋ ಇರಲಿಲ್ಲ. ಪೂರ್ವದ ತುದಿಯಲ್ಲಿ ಅರ್ಧ ಕೊಯ್ದ ಡ್ರಮ್ಮಿನಲ್ಲಿ ಹತ್ತಿಕಟ್ಟಿಗೆ ಉರಿಸಿ, ಮೇಲೆ ಒದ್ದೆ ಜೋಳದ ಕಣಕಿ ಹಾಕಿ ಹೊಗೆ ಎಬ್ಬಿಸುತ್ತಿದ್ದರು. ಹೊಗೆ ಯಾವ ಕಡೆ ವಾಲುತ್ತದೋ ಅದಕ್ಕೆ ಎದುರು ದಿಕ್ಕಿನಿಂದ ಗಾಳಿ ಬರುತ್ತಿದೆ ಎಂದರ್ಥ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು.

ಆಗ ನಾನು ರಾಯಚೂರಿನ ಸಣ್ಣ ದಿನಪತ್ರಿಕೆಯೊಂದರ ವರದಿಗಾರ. ವಯಸ್ಸು ಇಪ್ಪತ್ತೈದು. ಪೈಲಟ್ ಆಗಬೇಕೆಂಬುದು ತಲೆಗೆ ಹತ್ತಿತ್ತು. ದೂರದ ಹಾರಾಟ ಶಾಲೆಯೊಂದಕ್ಕೆ ಅರ್ಜಿ ಹಾಕಿದ್ದೆ. ಹವಾಮಾನದ ಪರೀಕ್ಷೆ ಪಾಸಾಗಿ ಬನ್ನಿ ಎಂದು ಅವರು ಉತ್ತರ ಬರೆದಿದ್ದರು. ಸಿಂಪಡಣೆ ವಿಮಾನದ ಪೈಲಟ್ ಬೆಳಗಾವಿ ಕಡೆಯವರು, ನಲವತ್ತೈದರ ಆಸುಪಾಸು. ಹೊಲದವರ ತಕರಾರುಗಳನ್ನು ನಾನು ಮಾತಾಡಿ ಬಗೆಹರಿಸುತ್ತಿದ್ದೆ. ಅದಕ್ಕೆ ಬದಲಾಗಿ ಅವರು ಮಧ್ಯಾಹ್ನದ ಬಿಡುವಿನಲ್ಲಿ ಬೇವಿನ ಮರದ ಕೆಳಗೆ ನನಗೆ ಪಾಠ ಹೇಳುತ್ತಿದ್ದರು.

"ಪೇಪರಪ್ಪಾ, ಗಾಳಿ ಯಾಕ ಬೀಸ್ತದ?" ಅಂದರು ಮೊದಲ ದಿನ.

"ಒತ್ತಡದ ವ್ಯತ್ಯಾಸದಿಂದ."

"ಪುಸ್ತಕ ಓದಬ್ಯಾಡ. ಇಲ್ಲಿ ಕುಂತು ಹೇಳು."

"ನೆಲ ಕಾಯ್ತದ. ಕಾದ ಗಾಳಿ ಮ್ಯಾಲ ಹೋಗ್ತದ. ಆ ಜಾಗಕ್ಕ ಸುತ್ತಲಿನ ಗಾಳಿ ನುಗ್ಗತದ."

"ಹಾಂ. ಈಗ ಬದುಕ್ತಿ."

ಗುಡುಗಿನ ಮೋಡಕ್ಕೆ ಮೂರು ವಯಸ್ಸು ಎಂದು ಅವರು ಹೇಳಿಕೊಟ್ಟರು. ಮೊದಲನೆಯದರಲ್ಲಿ ಎಲ್ಲ ಮೇಲಕ್ಕೆ. ಮೋಡ ಸುತ್ತಲಿನ ಗಾಳಿಯನ್ನು ಹೀರುತ್ತದೆ. ಆದ್ದರಿಂದ ನೆಲದ ಮೇಲಿನ ಗಾಳಿ ಮೋಡದ ಕಡೆಗೇ ಬೀಸುತ್ತದೆ. ಎರಡನೆಯದರಲ್ಲಿ ನೀರನ್ನೂ ಆಲಿಕಲ್ಲನ್ನೂ ಹೊತ್ತುಕೊಳ್ಳಲಾರದೆ ಕೆಳಗೆ ಚೆಲ್ಲುತ್ತದೆ. ಅದರ ಜೊತೆ ತಣ್ಣನೆಯ ಗಾಳಿ ಬೀಳುತ್ತದೆ. ಮೂರನೆಯದು ಮುಪ್ಪು, ಬರೀ ಮಳೆ. ಎರಡನೆಯ ವಯಸ್ಸನ್ನು ತೋರಿಸಲು ಅವರು ತುಂಬಿದ ಕೊಡವೊಂದನ್ನು ಬಂಡೆಯ ಮೇಲೆ ಬೋರಲು ಹಾಕಿದರು. ನಾನು ಮೂರು ಮಾರು ದೂರ ನಿಂತಿದ್ದೆ. ಪಾದ ತೊಯ್ದವು.

"ನೀರು ಬಿದ್ದಿದ್ದು ಅಲ್ಲಿ. ತೊಯ್ದಿದ್ದು ಇಲ್ಲಿ. ಮಳಿಗಿಂತ ಮೊದಲ ಗಾಳಿ ಬರ್ತದ. ಒಂದು ಕಡೆ ಬೀಸೋದು ಒಮ್ಮಿಗೇ ಹೊಳ್ಳಿ ಬೀಸ್ತದ. ಇಳಿಯೋ ಇಮಾನಕ್ಕ ಹಿಂದಿನಿಂದ ಹೊಡೀತಂದ್ರ, ರೆಕ್ಕಿ ಕೆಳಗಿನ ಗಾಳೀನ ಕಸಗೊಂಡಂಗ. ಮುಂದೇನು?"

"ಬೀಳ್ತದ."

"ಬರಕೋ."

ಬರೆದುಕೊಂಡೆ. ಆ ಪುಟದಲ್ಲಿ ಆ ವಾಕ್ಯದ ಕೆಳಗೆ ಎರಡು ಗೆರೆ ಎಳೆದಿದ್ದೆ.

ಪಕ್ಕದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಮುದುಕನೊಬ್ಬ ಕೆಲವು ಪಾಠಗಳಿಗೆ ಬಂದು ಕೂರುತ್ತಿದ್ದ. "ಸಾಹೇಬ್ರ, ಇದನ್ನ ಕಲಿಯಾಕ ಪರೀಕ್ಷಾ ಬೇರೆ ಬರೀಬೇಕೇನ್ರಿ? ನಮ್ಮ ಕುರಿ ಎಲ್ಲಾ ಪಾಸಾಗ್ಯಾವ ಹಂಗಾರ," ಎನ್ನುತ್ತಿದ್ದ. ನಾನು ನಕ್ಕಿದ್ದೆ. ಅದಕ್ಕೆ ಎರಡು ವಾರ ಮೊದಲು ಆಲಿಕಲ್ಲು ಬಿದ್ದ ಸುದ್ದಿಗೆಂದು ಮಸರಕಲ್‌ಗೆ ಹೋಗಿದ್ದೆ. ಬಯಲಲ್ಲಿ ಸಿಕ್ಕಿಬಿದ್ದ ಹಿಂಡೊಂದು ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ಸತ್ತಿತ್ತು. ಹೊರಗಿನ ಸಾಲಿನ ಕುರಿಗಳ ತಲೆಬುರುಡೆ ಒಡೆದಿದ್ದವು, ಒಳಗಿನವು ಉಸಿರುಕಟ್ಟಿ ಸತ್ತಿದ್ದವು. ಅವುಗಳನ್ನು ಬಿಡಿಸಲು ಹೋದ ಹೆಂಗಸಿನ ನೆತ್ತಿಯ ಚರ್ಮ ಹರಿದು ಕಿವಿಯ ಮೇಲೆ ಜೋತಿತ್ತು. ಪತ್ರಿಕೆಯಲ್ಲಿ ಅದಕ್ಕೆ ಆರು ಸಾಲು ಸಿಕ್ಕಿತು. ಮೋಡ ಏನು ಮಾಡಬಲ್ಲದು ಎಂಬುದು ನನಗೆ ಪುಸ್ತಕದಿಂದ ಮಾತ್ರ ಗೊತ್ತಿತ್ತು ಎಂದು ಹೇಳಿ ನುಣುಚಿಕೊಳ್ಳುವ ಹಾಗಿಲ್ಲ.

ಪಟ್ಟಿಗೆ ಒಂದು ನಿಯಮವಿತ್ತು. ಹೊಗೆ ಕಂಡರೆ ಪೈಲಟ್ ಇಳಿಯುತ್ತಿದ್ದರು. ಹೊಗೆ ಇಲ್ಲದಿದ್ದರೆ ಏನೋ ಸರಿಯಿಲ್ಲ ಎಂದು ತಿಳಿದು, ಮಾನ್ವಿ ಬಳಿಯ ಇನ್ನೊಂದು ಪಟ್ಟಿಗೆ ಹೋಗಬೇಕು. ಅಷ್ಟಕ್ಕೆ ಸಾಲುವ ಪೆಟ್ರೋಲ್ ಯಾವಾಗಲೂ ಉಳಿಸಿಕೊಂಡೇ ಹಾರುತ್ತಿದ್ದರು.

ಆ ವರ್ಷ ಹಿಂಗಾರಿ ತಡವಾಯಿತು. ನಮ್ಮ ಕಡೆ ಮಳೆ ತಡವಾದರೆ, ಯಾರೋ ಮಳೆ ಕಟ್ಟಿದ್ದಾರೆ ಎಂಬ ಮಾತು ಹುಟ್ಟುತ್ತದೆ. ಇಟ್ಟಿಗೆ ಭಟ್ಟಿಯವರು ಹೊಗೆ ಬಿಟ್ಟು ಮೋಡ ಓಡಿಸುತ್ತಾರೆ ಎಂದು ನಂಬಿ ಭಟ್ಟಿ ಒಡೆದದ್ದನ್ನು ನಾನೇ ವರದಿ ಮಾಡಿದ್ದೆ. ಈ ಸಲ ಕಣ್ಣು ಪಟ್ಟಿಯ ಹೊಗೆಯ ಮೇಲೆ ಬಿತ್ತು. ದಿನಾ ಮಧ್ಯಾಹ್ನ ಮೋಡ ಕಟ್ಟುವ ಹೊತ್ತಿಗೆ ಹೊಗೆ ಏಳುತ್ತದೆ, ಸಂಜೆಗೆ ಮೋಡ ಕರಗುತ್ತದೆ. ಊರವರ ಲೆಕ್ಕಕ್ಕೆ ಸಾಕ್ಷಿ ಬೇಕಿರಲಿಲ್ಲ.

ಆ ದಿನ ವಿಮಾನ ಹಿರೇಕೊಟ್ನೆಕಲ್ ಕಡೆಯ ಹತ್ತಿಗೆ ಹೋಗಿತ್ತು. ಮೆಕ್ಯಾನಿಕ್ ಸಾಮಾನು ತರಲು ರಾಯಚೂರಿಗೆ ಹೋಗಿದ್ದ. ಪಟ್ಟಿಯಲ್ಲಿ ಇದ್ದದ್ದು ನಾನು, ಕುರಿಯ ಮುದುಕ, ಮತ್ತು ಹೊಗೆ ಕಾಯುವ ಆಳು. ಈ ಆಳು ದೇವದುರ್ಗ ಕಡೆಯ ಕೂಲಿ, ಐವತ್ತರ ಹತ್ತಿರದವನು. ನಾಲ್ಕು ಗಂಟೆಗೆ ಆಸುಪಾಸಿನ ಊರುಗಳ ಇಪ್ಪತ್ತು ಮೂವತ್ತು ಜನ ಬಡಿಗೆ ಹಿಡಿದು ಬಂದರು. ಮುಂದೆ ಕೆಂಪು ರುಮಾಲಿನ ಗಟ್ಟಿ ಆಳೊಬ್ಬನಿದ್ದ.

"ಯಾರಲೇ ಇಲ್ಲಿ ಹೊಗಿ ಹಾಕಾವ?"

"ನಾನ್ರೀ," ಅಂದ ಹೊಗೆಯವ.

"ಯಾಕ ಹಾಕ್ತಿ?"

"ಇಮಾನಕ್ಕ ಗಾಳಿ ತೋರ್ಸಾಕ್ರೀ."

"ಗಾಳೀನೂ ತೋರ್ಸಬೇಕೇನಲೇ ಅದಕ್ಕ? ಮಳಿ ಕಟ್ಟಾಕತ್ತೀ ನೀನು. ನಿನ್ನ ಹೊಗಿ ಕಂಡು ಮೋಡ ಹೊಳ್ಳಿ ಹೋಗಾಕತ್ತಾವ."

"ಮೋಡ ಹೊಳ್ಳಿಸೋ ಶಕ್ತಿ ಇದ್ರ ನಾ ಯಾಕ ಬಿಸಲಾಗ ಕುಂತು ಕಣಕಿ ಸುಡ್ತಿದ್ನಿ, ಯಪ್ಪಾ? ರಾಯಚೂರಾಗ ಬಂಗ್ಲೇ ಕಟ್ಟಿಸ್ತಿದ್ನಿ."

ಗುಂಪಿನಲ್ಲಿ ನಾಲ್ಕು ಜನ ನಕ್ಕರು. ನಗದೇ ಹೋಗಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ತನ್ನ ಜನರೇ ನಕ್ಕದ್ದು ಕೆಂಪು ರುಮಾಲಿನವನಿಗೆ ಚುಚ್ಚಿತು. ಬಡಿಗೆ ಬೀಸಿದ. ಹೊಗೆಯವನು ಕೈ ಅಡ್ಡ ತಂದ. ಮುಂಗೈ ಮುರಿದ ಸದ್ದು ನನ್ನವರೆಗೆ ಕೇಳಿಸಿತು. ಅವನು ಬಿದ್ದ ಮೇಲೆ ಇನ್ನೂ ಮೂವರು ಹೊಡೆದರು, ಬೆನ್ನಿಗೆ, ತೊಡೆಗೆ, ಕಿವಿಯ ಮೇಲೆ. ಒಬ್ಬನು ಕಾಲಿನಿಂದ ಪಕ್ಕೆಗೆ ಒದ್ದ. ಇಬ್ಬರು ಕೊಡದ ನೀರನ್ನು ಡ್ರಮ್ಮಿಗೆ ಸುರಿದರು. ಬೆಂಕಿ ಸುಯ್ಯೆಂದು ಆರಿತು.

ಹೊಗೆ ನಿಂತ ಸ್ವಲ್ಪ ಹೊತ್ತಿಗೆ ಪಶ್ಚಿಮದಲ್ಲಿ, ದೇವದುರ್ಗದ ದಿಕ್ಕಿನಲ್ಲಿ, ಮೋಡ ಗೋಡೆಯಂತೆ ಎದ್ದದ್ದು ಎಲ್ಲರಿಗೂ ಕಂಡಿತು. ಅದು ಅರ್ಧ ಗಂಟೆಯಿಂದ ಬೆಳೆಯುತ್ತಲೇ ಇತ್ತು. ನೋಡಿದವರು ಇರಲಿಲ್ಲ, ಅಷ್ಟೆ.

"ನೋಡ್ರಲೇ! ಆರಿಸಿದ್ದೇ ತಡ, ಬಂತು!" ಎಂದು ಒಬ್ಬ ಕೂಗಿದ. ಜನ ಕೇಕೆ ಹಾಕಿದರು.

ಆಗ ನೈರುತ್ಯದಿಂದ ವಿಮಾನದ ಸದ್ದು ಕೇಳಿಸಿತು.

ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು. ಗುಡುಗಿನ ಮೋಡ ಹತ್ತಿರವಿದ್ದಾಗ ಮೇಲೆ ಇರಬಾರದು. ಅವರನ್ನು ಬೇಗ ಇಳಿಸಬೇಕು. ಮಾನ್ವಿಯ ಆಕಾಶ ತಿಳಿಯಾಗಿತ್ತು, ಆ ಕಡೆ ತಿರುಗಿ ನೋಡಿದ್ದರೆ ಕಾಣುತ್ತಿತ್ತು. ನಾನು ಡ್ರಮ್ಮಿನ ಕಡೆ ಓಡಿದೆ. ಕೆಂಪು ರುಮಾಲಿನವನು ಅಡ್ಡ ನಿಂತ.

"ಮುಟ್ಟಿದ್ರ ಕೈ ಕಡಿತೀನಿ, ಪೇಪರ್‌ನಾವನೇ."

ಬೆಂಕಿ ಕೆದಕುವ ಕಬ್ಬಿಣದ ಸಲಾಕೆ ಕೈಗೆ ಸಿಕ್ಕಿತು. ಅವನ ಬಾಯಿಗೆ ಹೊಡೆದೆ. ಮುಂದಿನ ಎರಡು ಹಲ್ಲು ಹೋದವು. ತುಟಿ ಮೂಗಿನವರೆಗೆ ಸೀಳಿತು. ಅವನು ಕುಕ್ಕರಿಸಿದ ಮೇಲೂ ಭುಜಕ್ಕೆ ಇನ್ನೊಂದು ಏಟು ಹಾಕಿದೆ. ಆ ಎರಡನೆಯದರ ಅಗತ್ಯವಿರಲಿಲ್ಲ. ನನ್ನ ಬೆನ್ನಿಗೆ ಬಡಿಗೆಗಳು ಬಿದ್ದವು. "ಇಮಾನ ಬಿದ್ರ ನಿಮ್ಮ ಊರಿಗೆ ಊರೇ ಜೈಲಿಗೆ ಹೋಗ್ತದ!" ಎಂದು ಅರಚಿದೆ. ಜೈಲು ಎಂಬ ಮಾತಿಗೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ಸೀಮೆಎಣ್ಣೆ ಸುರಿದು, ಒಣಗಿದ ಕಟ್ಟಿಗೆ ಹುಡುಕಿ ಹಾಕಿ, ಕಡ್ಡಿ ಗೀರಿದೆ. ಮೇಲೆ ಕಣಕಿ ಒಗೆದೆ. ದಪ್ಪ ಬಿಳಿ ಹೊಗೆ ಎದ್ದು ಪಶ್ಚಿಮಕ್ಕೆ, ಮೋಡದ ಕಡೆಗೆ, ವಾಲಿತು. ಗಾಳಿ ಪೂರ್ವದಿಂದ ಬರುತ್ತಿತ್ತು. ಅದರ ಅರ್ಥವೇನೆಂದು ಪಾಠದಲ್ಲಿ ಬರೆದುಕೊಂಡವನು ನಾನೇ. ಮೋಡ ಹೀರುತ್ತಿದೆ, ಇನ್ನೇನು ಚೆಲ್ಲುತ್ತದೆ.

ಮಾನ್ವಿಯ ಕಡೆ ತಿರುಗಲಿದ್ದ ವಿಮಾನ ಹೊಗೆ ಕಂಡು ಮತ್ತೆ ಇತ್ತ ಹೊರಳಿತು. ಒಂದು ಸುತ್ತು ಹೊಡೆದು ಪಶ್ಚಿಮದ ತುದಿಗೆ ಹೋಗಿ, ಪೂರ್ವಕ್ಕೆ ಮುಖ ಮಾಡಿ ಇಳಿಯತೊಡಗಿತು.

"ಹೊಗಿ ನೋಡಬ್ಯಾಡೋ ಯಪ್ಪಾ, ಕುರಿ ನೋಡು!" ಎಂದು ಮುದುಕ ಕೂಗಿದ. ಹಿಂಡೆಲ್ಲ ಪಶ್ಚಿಮಕ್ಕೆ ಬೆನ್ನು ಮಾಡಿ ತಲೆ ಒಳಗಿಟ್ಟು ಒತ್ತೊತ್ತಾಗಿ ನಿಂತಿತ್ತು. ಅವುಗಳ ಹಿಂದೆ, ಹೊಲಗಳ ಆಚೆ, ಕೆಂಧೂಳಿನ ಗೋಡೆಯೊಂದು ನೆಲಕ್ಕೆ ಅಂಟಿಕೊಂಡು ಬರುತ್ತಿತ್ತು. ನಾನು ಡ್ರಮ್ಮನ್ನು ಒದ್ದು ಉರುಳಿಸಿದೆ. ಅಂಗಿ ಬಿಚ್ಚಿ ಬೀಸಿದೆ. ಕಣಕಿ ನೆಲದ ಮೇಲೆ ಇನ್ನೂ ಹೆಚ್ಚು ಹೊಗೆಯಾಡಿತು.

ಧೂಳು ಹಿಂದಿನಿಂದ ವಿಮಾನವನ್ನು ಮುಟ್ಟಿದಾಗ ಅದು ನೆಲದಿಂದ ಎರಡು ತಾಳೆಮರದ ಎತ್ತರದಲ್ಲಿತ್ತು. ಎಂಜಿನ್ನು ಜೋರಾಗಿ ಗರ್ಜಿಸಿತು. ಪೈಲಟ್ ಏರಲು ನೋಡಿದರು. ಎಡ ರೆಕ್ಕೆ ಜೋತು ಬಿದ್ದಿತು. ಪಟ್ಟಿಗೆ ಇನ್ನೂ ನೂರು ಹೆಜ್ಜೆ ಇರುವಾಗಲೇ ಮೂತಿ ಎರೆಮಣ್ಣಿಗೆ ನುಗ್ಗಿತು. ಬಾಲ ಮೇಲೆದ್ದು, ವಿಮಾನ ಬೋರಲು ಬಿತ್ತು.

ನಾವು ಓಡಿದೆವು. ನಾವು ಎಂದರೆ ಎಲ್ಲರೂ. ಔಷಧದ ಟ್ಯಾಂಕು ಒಡೆದು, ಸೀಟಿನ ಬೆಲ್ಟಿನಲ್ಲಿ ತಲೆಕೆಳಗಾಗಿ ತೂಗುತ್ತಿದ್ದ ಪೈಲಟ್ಟರ ಮುಖದ ಮೇಲೆ ಸುರಿಯುತ್ತಿತ್ತು. ವಾಸನೆಗೆ ಇಬ್ಬರು ವಾಂತಿ ಮಾಡಿಕೊಂಡರು. ಬಲಗಣ್ಣಿನಲ್ಲಿ ಗಾಜಿನ ಚೂರು ನಿಂತಿತ್ತು. ಮುದುಕ ಉಣ್ಣೆ ಕತ್ತರಿಸುವ ಕತ್ತರಿಯಿಂದ ಬೆಲ್ಟು ಕತ್ತರಿಸಿದ. ಕೆಳಗೆ ತೆವಳಿ ಹೋಗಿ ಅವರನ್ನು ಹೆಗಲ ಮೇಲೆ ಇಳಿಸಿಕೊಂಡವನು ಕೆಂಪು ರುಮಾಲಿನವನು. ಅವನ ಬಾಯಿಂದ ಸುರಿಯುವ ರಕ್ತ ಪೈಲಟ್ಟರ ಅಂಗಿಯ ಮೇಲೆ ಬೀಳುತ್ತಿತ್ತು.

ಅಷ್ಟರಲ್ಲಿ ಆಲಿಕಲ್ಲು ಶುರುವಾಯಿತು. ಮೊದಲು ಕಡಲೆಯಷ್ಟು, ಆಮೇಲೆ ನಿಂಬೆಯಷ್ಟು. ರೆಕ್ಕೆಯ ತಗಡಿನ ಮೇಲೆ ಅದರ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಮುದುಕ ತನ್ನ ಕಂಬಳಿಯನ್ನು ಪೈಲಟ್ಟರ ಮೇಲೆ ಹೊದಿಸಿ ತಾನು ಬರಿತಲೆಯಲ್ಲಿ ಕುಳಿತ. ಕೆಂಪು ರುಮಾಲಿನವನು ರುಮಾಲು ಬಿಚ್ಚಿ, ಮಳೆನೀರಿನಲ್ಲಿ ಅದ್ದಿ, ಅವರ ಮುಖದ ಔಷಧ ಒರೆಸುತ್ತಿದ್ದ. ನನ್ನ ಕಡೆ ತಿರುಗಿ, ಮುಂದಿನ ಹಲ್ಲಿಲ್ಲದ ಬಾಯಲ್ಲಿ ಕೂಗಿದ: "ನೋಡ್ಕೋಂತ ನಿಂದ್ರತೀಯಲೇ? ಕಾಲು ಹಿಡಿ!"

ಹಿಡಿದೆ. ಟ್ರ್ಯಾಕ್ಟರಿನಲ್ಲಿ ಪೈಲಟ್ಟರನ್ನೂ ಕೈ ಮುರಿದ ಹೊಗೆಯವನನ್ನೂ ರಾಯಚೂರಿಗೆ ತಂದೆವು. ಹೊಗೆಯವ ದಾರಿಯುದ್ದಕ್ಕೂ ಒಂದೇ ಮಾತು ಕೇಳುತ್ತಿದ್ದ: "ಬೆಂಕಿ ಆರಿತ್ತಲ್ರೀ, ಮತ್ತ ಯಾರು ಹಚ್ಚಿದ್ರು?"

ಪೊಲೀಸರು ಗುಂಪಿನ ಮೇಲೆ ಕೇಸು ಬರೆದುಕೊಂಡರು. ಹೊಗೆ ಆರಿಸಿದ್ದರಿಂದ ವಿಮಾನ ಬಿತ್ತು ಎಂದು ಬರೆಯಲು ಹೊರಟಿದ್ದರು. ಆಫೀಸಿನಲ್ಲಿ ಸಂಪಾದಕರಿಗೂ ಅದೇ ತಲೆಬರಹ ಬೇಕಿತ್ತು. ಹೊಗೆ ಮತ್ತೆ ಹಾಕಿದವನು ನಾನು, ಹಾಕದಿದ್ದರೆ ವಿಮಾನ ಮಾನ್ವಿಗೆ ಹೋಗುತ್ತಿತ್ತು ಎಂದು ಎರಡೂ ಕಡೆ ಬರೆದುಕೊಟ್ಟೆ. ಹೊಗೆಯವನನ್ನು ಹೊಡೆದದ್ದಕ್ಕೆ ಅವರ ಮೇಲೆ ಕೇಸು ಉಳಿಯಿತು. ಹಲ್ಲು ಮುರಿದದ್ದಕ್ಕೆ ನನ್ನ ಮೇಲೂ ಒಂದು ಆಯಿತು. ಸಂಪಾದಕರು ನನ್ನ ವರದಿಯನ್ನು ಓದಿ, "ವರದಿಗಾರ ಸುದ್ದಿ ಬರೀಬೇಕು, ಸುದ್ದಿ ಆಗಬಾರದು" ಅಂದರು. ಆದರೂ ಅಚ್ಚು ಹಾಕಿದರು.

ಐದನೆಯ ದಿನ ಆಸ್ಪತ್ರೆಗೆ ಹೋದೆ. ಪೈಲಟ್ಟರ ಬಲಗಣ್ಣು ತೆಗೆದಿದ್ದರು. ಒಂದು ಕಣ್ಣಿನವರಿಗೆ ವಿಮಾನ ಹಾರಿಸುವ ಕೆಲಸ ಇರಲಿಲ್ಲ. ಅದು ಅವರಿಗೆ ಗೊತ್ತಿತ್ತು.

"ಗಾಳಿ ಯಾವ ಕಡಿಂದ ಇತ್ತು?" ಅಂದರು.

"ಪೂರ್ವದಿಂದ."

"ಮೋಡ?"

"ಪಶ್ಚಿಮಕ್ಕ. ಎರಡನೇ ವಯಸ್ಸಿಗೆ ಬರೋದ್ರಾಗ ಇತ್ತು."

"ಗೊತ್ತಿತ್ತು ನಿನಗ."

"ಗೊತ್ತಿತ್ತು."

"ಮೋಡ ನನಗೂ ಕಾಣ್ತಿತ್ತು," ಅಂದರು. "ಹೊಗಿ ಇರಲಿಲ್ಲ, ಮಾನ್ವಿಗೆ ಹೊಂಟಿದ್ದೆ. ಆಮ್ಯಾಲ ಹೊಗಿ ಎದ್ದಿತು. ಸುತ್ತು ಹೊಡೆಯೋವಾಗ ಡ್ರಮ್ಮಿನ ಬಾಜೂಕ ನಿನ್ನ ಬಿಳಿ ಅಂಗಿ ಕಂಡಿತು. ಆ ಮುದುಕ ಹಾಕಿದ್ರ, ಆ ಕೂಲಿಯವ ಹಾಕಿದ್ರ, ನಾ ಇನ್ನೊಮ್ಮಿ ವಿಚಾರ ಮಾಡ್ತಿದ್ದೆ. ಕಲಿತಾವ ನಿಂತಾನ, ಎಲ್ಲಾ ನೋಡೇ ಹಾಕಿರ್ತಾನ ಅಂದ್ಕೊಂಡೆ."

ಕಣ್ಣಿನ ಪಟ್ಟಿ ಬದಲಿಸಲು ನರ್ಸ್ ಬಂದಳು. ಜೊತೆಗೆ ಬೇರೆ ಯಾರೂ ಇರಲಿಲ್ಲ. "ತಲಿ ಅಲುಗಾಡದಂಗ ಗಟ್ಟಿ ಹಿಡೀರಿ," ಅಂದಳು. ಎರಡೂ ಕೈಯಿಂದ ಅವರ ತಲೆ ಹಿಡಿದೆ. ಅಂಟಿಕೊಂಡಿದ್ದ ಹತ್ತಿಯನ್ನು ಅವಳು ಕೀಳುವಾಗ ಅವರು ಕೂಗಲಿಲ್ಲ. ನನ್ನ ಮುಂಗೈಯನ್ನು ಉಗುರು ಇಳಿಯುವಷ್ಟು ಬಿಗಿಯಾಗಿ ಹಿಡಿದುಕೊಂಡರು. ಪಟ್ಟಿ ಕಟ್ಟಿ ಮುಗಿದ ಮೇಲೂ ಬಹಳ ಹೊತ್ತು ಬಿಡಲಿಲ್ಲ.