ಕೆಂಪು ಗುಂಡಿ ಒತ್ತಿದವನು

ಉಡುಪಿ ಕಡೆಯ ವನಮಾಲಾ ಡೊಂಬಿವಲಿಯಲ್ಲಿದ್ದು, ಬೇಲಾಪುರದ ಆಫೀಸಿನಲ್ಲಿ ಕಾರ್ಖಾನೆಗಳಿಗೆ ಯುನಿಕ್ಸ್ ಪ್ರೋಗ್ರಾಮ್ ಬರೆಯುತ್ತಿದ್ದಳು. ೧೯೯೬ರಲ್ಲಿ ಕಳಂಬೋಲಿಯ ಒಂದು ಉಕ್ಕಿನ ಯಾರ್ಡಿನ ತಗಡು ಕತ್ತರಿಸುವ ಯಂತ್ರಕ್ಕೆ ಒಂದನ್ನು ಬರೆದಳು. ಹಸಿರು ಗುಂಡಿ ಒತ್ತಿದರೆ ತಾಯಿ ಪ್ರೋಗ್ರಾಮು ಒಂದು ಮರಿ ಪ್ರೋಗ್ರಾಮನ್ನು ಹುಟ್ಟಿಸುತ್ತದೆ, ಯಂತ್ರ ಓಡಿಸುವುದು ಆ ಮರಿ. ತಗಡು ಮುಗಿದರೆ ತಾನೇ ನಿಲ್ಲುತ್ತದೆ. ಕೆಂಪು ಗುಂಡಿ ಒತ್ತಿದರೆ ನಡುವೆಯೇ ನಿಲ್ಲಬೇಕು.

ಯಾರ್ಡಿನವರಿಗೆ ಅವರದೇ ಶಾಸ್ತ್ರ. ಪಾಳಿ ಶುರುವಾಗುವಾಗ ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿ, ಕೈಯನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಮರಿ ಹುಟ್ಟುವ ಹೊತ್ತಿಗೇ ‘ನಿಲ್ಲು’ ಎಂಬ ಸಿಗ್ನಲ್ ಬಂದು ಪ್ರೋಗ್ರಾಮು ಸಾಯುತ್ತಿತ್ತು. ದೂರು ಬಂತು. ಹುಟ್ಟಿಸುವಷ್ಟು ಹೊತ್ತು ಆ ಸಿಗ್ನಲ್ಲನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ವನಮಾಲಾ ತಾಯಿಗೆ ಒಂದು ಸಾಲು ಬರೆದಳು. ದೂರು ನಿಂತಿತು.

ಮುಂದಿನ ವಾರ ಯಂತ್ರ ನಡೆಸುವ ಕಲಬುರಗಿಯ ಗುರುನಾಥನ ಬಲಗೈ ಅದರ ರೋಲರಿಗೆ ಸಿಕ್ಕಿತು. ಎಡಗೈಯಲ್ಲಿ ಕೆಂಪು ಗುಂಡಿ ಒತ್ತಿದೆ ಎಂದ. ಯಾರೂ ನಂಬಲಿಲ್ಲ. ಒತ್ತಿದ್ದರೆ ನಿಲ್ಲುತ್ತಿತ್ತಲ್ಲ, ತಪ್ಪು ಅವನದೇ ಎಂದು ಯಾರ್ಡಿನವರು ಪರಿಹಾರವಿಲ್ಲದೆ ಕೆಲಸದಿಂದ ತೆಗೆದರು. ಕಂಪ್ಯೂಟರ್ ಎಂದರೆ ದೇವರು ನೋಡಿ.

ಸುದ್ದಿ ಕೇಳಿ ವನಮಾಲಾ ಆಫೀಸಿನಲ್ಲಿ ಪರೀಕ್ಷಿಸಿದಳು. ‘ನಿಲ್ಲು’ ಎಂದರೆ ತಾಯಿಗೆ ಕೇಳಿಸಿತು, ಮರಿಗೆ ಕೇಳಿಸಲಿಲ್ಲ. ಹೆತ್ತ ಮೇಲೆ ತಾಯಿಯ ಕಿವಿ ತೆರೆಯುವ ಸಾಲು ಇತ್ತು. ಆದರೆ ಮರಿ ತಾಯಿಯ ಕಿವುಡು ಹೊತ್ತೇ ಹುಟ್ಟಿತ್ತು, ಅದರ ಕಿವಿ ತೆರೆಯುವ ಸಾಲನ್ನು ಅವಳು ಬರೆದೇ ಇರಲಿಲ್ಲ. ಈಗ ಬರೆದಳು. ಅವಳಿಗೆ ಏನೂ ಅನ್ನಿಸಲಿಲ್ಲ. ಡಬ್ಬಿ ಬಿಚ್ಚಿ ಪೂರ್ತಿ ಊಟ ಮಾಡಿದಳು.

“ಸರಿಯಾಯ್ತಲ್ಲ, ಖತಂ. ಹಳೇದನ್ನ ಕೆದಕ್ಬೇಡ,” ಎಂದ ಮೇಲಧಿಕಾರಿ ಶೇಖರ. ಹಳೆಯದಂತೆ! ಗುರುನಾಥನ ಬ್ಯಾಂಡೇಜು ಇನ್ನೂ ಬಿಚ್ಚಿರಲಿಲ್ಲ.

ಅವಳು ನೇರ ಕಳಂಬೋಲಿಗೆ, ಗುರುನಾಥನ ಒಂದೇ ಕೋಣೆಯ ಖೋಲಿಗೆ ಹೋದಳು. ಹೆಂಡತಿ ದಾನಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

“ನೀವು ಒತ್ತಿದ್ದು ಹೌದು. ನನ್ನ ಪ್ರೋಗ್ರಾಮಿಗೆ ಕೇಳ್ಲಿಲ್ಲ. ತಪ್ಪು ನಂದು.”

ಗುರುನಾಥ ಅವಳ ಕಡೆ ತಿರುಗಿದ. “ಎಲ್ಲಾರೂ ಇಲ್ಲ ಇಲ್ಲ ಅಂದಮ್ಯಾಲೆ, ನಾ ಒತ್ತೇ ಇಲ್ಲೇನೋ ಅಂತ ನನಗೂ ಅನಸಾಕ ಹತ್ತಿತ್ತರೀ.”

“ಇದನ್ನ ಯಾರ್ಡಿನ ಮಾಲಕ ಸೇಠನ ಮುಂದ ಹೇಳ್ತೀರೇನು?” ದಾನಮ್ಮ ಕೇಳಿದಳು.

“ಅದಕ್ಕೇ ಬಂದದ್ದು. ಈಗಲೇ ಹೋಗುವ.”

ಗುರುನಾಥ ಎದ್ದ. ಹೊರಡುವ ಮುಂಚೆ ರೂಢಿಯಂತೆ ಬಲಗೈ ಎತ್ತಿ ಕಣ್ಣಿಗೆ ಒತ್ತಿಕೊಂಡ. ಅಂಗೈ ಇರಬೇಕಾದಲ್ಲಿ ಮಣಿಕಟ್ಟಿನ ಬ್ಯಾಂಡೇಜು ಕಣ್ಣಿಗೆ ತಾಗಿತು.