ತುಳಸಿ ಕುಂಡದ ಕೆಳಗಿನ ನೀರು

ಈಜು ಮುಗಿಸಿ ಮೇಲೆ ಬರಲು ಏಣಿಯ ಸ್ಟೀಲ್ ಕಂಬಿ ಹಿಡಿದಾಗ ಬೆರಳಿಗೆ ಏನೋ ಕಚ್ಚಿತು. ಹಿಂದಿನ ದಿನ ತೆಂಗಿನಕಾಯಿ ತುರಿಯುವಾಗ ಅದೇ ಬೆರಳು ಗೀರಿಕೊಂಡಿತ್ತು. ಗಾಯದ ಉರಿಯಿರಬಹುದು ಎಂದು ಇನ್ನೊಂದು ಕೈಯಲ್ಲಿ ಹಿಡಿದೆ. ಅಲ್ಲೂ ಕಚ್ಚಿತು, ಸ್ವಲ್ಪ ಮೆಲ್ಲಗೆ. ಎದುರು ದಡಕ್ಕೆ ಈಜಿ ಹೋಗಿ, ಕಟ್ಟೆ ಹಿಡಿದು ಮೇಲೆ ಹತ್ತಿದೆ. ವಾಚ್‌ಮನ್‌ಗೆ ಕೊಳದೊಳಗಿನ ದೀಪ ಆರಿಸಲು ಹೇಳಿದೆ. ಆಮೇಲೆ ಬಂದು ಹಿಂಗೈಯಿಂದ ಕಂಬಿ ಮುಟ್ಟಿದರೆ ಏನೂ ಇಲ್ಲ. ದೀಪ ಹಾಕಿಸಿ ಮುಟ್ಟಿದೆ, ಮತ್ತೆ ಕಚ್ಚಿತು. ಅಲ್ಲಿಗೆ ನನ್ನ ಮಟ್ಟಿಗೆ ಪರೀಕ್ಷೆ ಮುಗಿದಿತ್ತು.

ನಾನು ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ವಿದ್ಯುತ್ ಪೆಟ್ಟಿಗೆಗಳ ತಪಾಸಣೆ ಮಾಡಿ ನಿವೃತ್ತಳಾದವಳು. ದೋಷ ಕಂಡ ಪೆಟ್ಟಿಗೆಗೆ ಕೆಂಪು ಪಟ್ಟಿ ಕಟ್ಟುವುದು ನನ್ನ ಕೆಲಸ. ಪಟ್ಟಿ ಕಟ್ಟಿದವರೇ ಅದನ್ನು ಬಿಚ್ಚಬೇಕು ಎಂಬುದು ನಮ್ಮ ನಿಯಮ. ಮ್ಯಾನೇಜರ್ ಬಂದು ಕೂಗಾಡಿದರೂ ಅದಕ್ಕೆ ಕೈ ಹಚ್ಚುವಂತಿರಲಿಲ್ಲ.

ತಣಿಸಂದ್ರದ ಈ ಅಪಾರ್ಟ್‌ಮೆಂಟ್ ನಿಂತಿರುವುದು ನಮ್ಮ ಮನೆಯವರು ಬಿಲ್ಡರ್‌ಗೆ ಬಿಟ್ಟುಕೊಟ್ಟ ಜಮೀನಿನಲ್ಲಿ. ಅಲ್ಲಿದ್ದ ಬಾವಿಯಲ್ಲೇ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ನಾನು ಈಜು ಕಲಿತದ್ದು. ಬಾವಿ ಮುಚ್ಚುವಾಗ ಈಜುಕೊಳ ಕಟ್ಟಿಕೊಡುತ್ತೇವೆ ಎಂದಿದ್ದರು, ಕಟ್ಟಿಕೊಟ್ಟರು. ಬೆಳಗಿನ ಆ ಈಜು ತಪ್ಪಿದರೆ ನನ್ನ ಮಂಡಿಗಳು ದಿನವಿಡೀ ಕೆಲಸಕ್ಕೆ ಬಾರವು. ಹಾಗಾಗಿ ಆ ನೀರು ನನಗೆ ಶೋಕಿಯಲ್ಲ.

ಸೀರೆ ಉಟ್ಟುಕೊಂಡು ನೇರವಾಗಿ ನಿವಾಸಿಗಳ ಸಂಘದ ಅಧ್ಯಕ್ಷರ ಬಳಿ ಹೋದೆ. ಐವತ್ತು ದಾಟಿದವರು, ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆ. ಲಾಬಿಯ ಸೋಫಾದಲ್ಲಿ ಕಾಫಿ ಕುಡಿಯುತ್ತಿದ್ದರು.

"ಏಣಿ ಕಂಬಿ ಶಾಕ್ ಹೊಡೀತಿದೆ. ದೀಪದ ವೈರಿಂಗಿಗೆ ನೀರು ಹೋಗಿದೆ. ತುಳಸಿ ಕೆಳಗಿರೋ ಬಾಕ್ಸ್ ತೆಗೆಸಿ ನೋಡಿ," ಅಂದೆ.

"ಶಾಕಾ? ಆಂಟಿ, ಅದು ಹನ್ನೆರಡು ವೋಲ್ಟ್ ಲೈಟು. ಸೊಳ್ಳೆ ಕೂಡ ಸಾಯಲ್ಲ."

"ಸಾಯ್ಸುತ್ತೆ ಅಂತ ನಾನೆಲ್ಲಿ ಹೇಳಿದೆ? ಕಚ್ಚುತ್ತೆ ಅಂದೆ. ನೀರಲ್ಲಿ ಮಗು ಬೆಚ್ಚಿಬಿದ್ರೆ ಅಷ್ಟೇ ಸಾಕು."

"ಈ ವಯಸ್ಸಲ್ಲಿ ಕೈಕಾಲು ಜುಮ್ ಅನ್ನೋದು ಕಾಮನ್ ಕಣ್ರೀ. ನಮ್ಮತ್ತೇಗೂ ಹಂಗೇ ಆಗ್ತಿತ್ತು. ಬಿ ಟ್ವೆಲ್ವ್ ತಗೊಳ್ಳಿ."

ಪಕ್ಕದಲ್ಲಿದ್ದ ಇಬ್ಬರು ನಕ್ಕರು. ಸಂಜೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಸೂಚನೆ ಬಂತು: ಅರವತ್ತು ಮೀರಿದವರು ವೈದ್ಯರ ಪತ್ರ ತಂದ ಮೇಲಷ್ಟೇ ಈಜುಕೊಳಕ್ಕೆ ಇಳಿಯಬೇಕು, ಇದು ಹಿರಿಯರ ಸುರಕ್ಷತೆಗಾಗಿ. ಅರವತ್ತು ಮೀರಿ ಅಲ್ಲಿ ಈಜುವವಳು ನಾನೊಬ್ಬಳೇ. ಸೂಚನೆಯ ಕೆಳಗೆ ಹಲವರು ಕೈಮುಗಿದ ಚಿತ್ರ ಹಾಕಿದ್ದರು. ಒಬ್ಬೊಬ್ಬರ ಹೆಸರನ್ನೂ ಓದಿ ನೆನಪಿಟ್ಟುಕೊಂಡೆ.

ಆ ಬಾಕ್ಸಿನ ಕಥೆ ನನಗೆ ಚೆನ್ನಾಗಿ ಗೊತ್ತಿತ್ತು. ಕೊಳದ ದೀಪದಿಂದ ಹೊರಟ ಕೊಳವೆಯಲ್ಲಿ ನೀರಿರುವುದು ದೋಷವಲ್ಲ. ಕೊಳದಲ್ಲಿ ನೀರು ಎಷ್ಟು ಎತ್ತರವಿದೆಯೋ ಕೊಳವೆಯಲ್ಲೂ ಅಷ್ಟೇ ಇರುತ್ತದೆ. ಅದಕ್ಕೇ ವೈರುಗಳನ್ನು ಜೋಡಿಸುವ ಬಾಕ್ಸನ್ನು ನೆಲದಿಂದ ಮೇಲೆ, ಒಂದು ಗಿಡ್ಡ ಕಂಬದ ಮೇಲೆ ಕೂರಿಸಿರುತ್ತಾರೆ. ಬಿಲ್ಡರ್ ಹಾಗೆಯೇ ಕೂರಿಸಿದ್ದ. ಅಧ್ಯಕ್ಷರು ಪದವಿಗೆ ಬಂದ ಹೊಸದರಲ್ಲಿ ಒಬ್ಬ ವಾಸ್ತುವಿನವನನ್ನು ಕರೆಸಿದರು. ಅವನು ಆ ಕಂಬ ನೋಡಿ, ಈಶಾನ್ಯ ನೀರಿನ ಮೂಲೆ, ಅಲ್ಲಿ ಕರೆಂಟಿನ ಬೆಂಕಿ ತಲೆಯೆತ್ತಿ ನಿಲ್ಲಬಾರದು ಅಂದ. ಕಂಬ ಕತ್ತರಿಸಿದರು. ಬಾಕ್ಸು ನೆಲಕ್ಕಿಳಿಯಿತು, ಅದರ ಮೇಲೊಂದು ಕಲ್ಲು, ಕಲ್ಲಿನ ಮೇಲೆ ತುಳಸಿ ಕುಂಡ. ಅಂದಿನಿಂದ ಅಧ್ಯಕ್ಷರೇ ದಿನಾ ಬೆಳಿಗ್ಗೆ ತಾಮ್ರದ ಚೊಂಬಿನಲ್ಲಿ ನೀರು ತಂದು, ಕಣ್ಣು ಮುಚ್ಚಿ, ಆ ವೈರುಗಳ ನೆತ್ತಿಗೆ ಭಕ್ತಿಯಿಂದ ಅಭಿಷೇಕ ಮಾಡುತ್ತಿದ್ದರು.

ನನಗೆ ಮೊದಲು ಬೇಕಾಗಿದ್ದುದು ಈಜು. ಆ ಸಂಜೆಯಿಂದ ಇನ್ನೊಂದೂ ಬೇಕಾಯಿತು. ನಕ್ಕವರೆಲ್ಲ ನೋಡುತ್ತಿರುವಾಗ ಆ ಮನುಷ್ಯನ ಬಾಯಿ ಮುಚ್ಚಬೇಕು.

ಮರುದಿನ ಹಳೆಯ ರವಿಕೆಯಿಂದ ಒಂದು ಕೆಂಪು ಪಟ್ಟಿ ಹರಿದು, ಶವರ್ ಗೋಡೆಯ ಮೇಲಿದ್ದ ದೀಪದ ಸ್ವಿಚ್ಚಿಗೆ ಕಟ್ಟಿದೆ. ವಾಚ್‌ಮನ್ ಬಾಗಲೂರಿನ ಕಡೆಯವನು, ನಮ್ಮ ಜನವನ್ನು ಬಲ್ಲವನು.

"ಇದ್ನ ಬಿಚ್ಚಿದ್ರೆ ಏನಾಯ್ತದಮ್ಮ?"

"ಮಕ್ಕಳಿಗೆ ತೊಂದ್ರೆ ಆಗುತ್ತೆ. ಕಟ್ಟಿದವಳು ನಾನು, ನಾನೇ ಬಿಚ್ಚಬೇಕು."

"ಆಯ್ತು ಬುಡಿ. ಅಧ್ಯಕ್ಷರು ಕೇಳುದ್ರೆ?"

"ನಿನಗೆ ತೋಚಿದ್ದು ಹೇಳು."

ಅವನಿಗೆ ತೋಚಿದ್ದು, "ಬಲ್ಬ್ ಓಗೈತೆ ಸಾ." ಅಧ್ಯಕ್ಷರು ಗುಂಪಿನಲ್ಲಿ ಹೊಸ ಬಲ್ಬು ಬರಲಿದೆ ಎಂದು ಪ್ರಕಟಿಸಿದರು. ಅದನ್ನು ಓದಿದಾಗ ನನಗೆ ಆದ ಸಂತೋಷ ಒಳ್ಳೆಯ ಜಾತಿಯದಲ್ಲ, ಆದರೆ ಗಟ್ಟಿಯಾಗಿತ್ತು. ಹೆಬ್ಬಾಳದ ಒಬ್ಬ ವೈದ್ಯೆಯ ಬಳಿ ಹೋಗಿ ಪರೀಕ್ಷೆ ಮಾಡಿಸಿಕೊಂಡೆ. ನರ, ಎದೆ, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟರು. ಪತ್ರವನ್ನು ಯಾರಿಗೂ ತೋರಿಸದೆ ಭಾನುವಾರಕ್ಕೆ ಕಾದೆ.

ಆ ಭಾನುವಾರ ಮಕ್ಕಳ ರಜೆಯ ಈಜು ತರಗತಿಯ ಆರಂಭ. ತಂದೆತಾಯಂದಿರು ಫೋನು ಹಿಡಿದು ಸುತ್ತ ನಿಂತಿದ್ದರು. ಮಕ್ಕಳು ಇನ್ನೂ ದಡದಲ್ಲಿದ್ದರು. ಅಧ್ಯಕ್ಷರು ತುಳಸಿಗೆ ನೀರೆರೆದು, ಒದ್ದೆ ಕೈಯಲ್ಲೇ ಭಾಷಣಕ್ಕೆ ನಿಂತರು. ನಾನು ಹೋಗಿ ಪತ್ರ ಕೊಟ್ಟೆ.

"ಓ, ಆಂಟಿ ಪಾಸಾಗಿದಾರೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಜನ ನಕ್ಕರು.

ನಾನು ಶವರ್ ಗೋಡೆಯ ಬಳಿಗೆ ಬಂದು ಪಟ್ಟಿ ಬಿಚ್ಚಿ ಸ್ವಿಚ್ ಹಾಕಿದೆ. ಇಡೀ ಕೊಳ ನೀಲಿಯಾಯಿತು.

"ಬಲ್ಬ್ ಹೋಗಿತ್ತಲ್ಲ?" ಎಂದು ಯಾರೋ ಕೇಳಿದರು.

"ಬಲ್ಬಿಗೇನೂ ಆಗಿಲ್ಲ," ಅಂದೆ. "ಮಕ್ಕಳು ಇಳಿಯೋಕೆ ಮುಂಚೆ ಅಧ್ಯಕ್ಷರೇ ಶಾಸ್ತ್ರಕ್ಕೆ ಒಂದ್ಸಲ ಆ ಏಣಿ ಕಂಬಿ ಹಿಡೀಲಿ. ಕೈ ಹೇಗೂ ಒದ್ದೆಯಾಗಿದೆ. ನಂದು ನರದ ತೊಂದ್ರೆ ಆಗಿದ್ರೆ ಅವರಿಗೇನೂ ಆಗಲ್ಲ."

"ಏನ್ ತಮಾಷೆ ಆಂಟಿ," ಎಂದು ಅವರು ಏಣಿಯ ಕಡೆ ಎರಡು ಹೆಜ್ಜೆ ಹಾಕಿದರು. ಬಾಗಿದರು. ಕೈ ಚಾಚಿದರು. ಕಂಬಿಗೂ ಕೈಗೂ ಗೇಣು ಉಳಿದಿದ್ದಾಗ ಕೈ ಅಲ್ಲೇ ನಿಂತಿತು. ನನ್ನ ಬೆರಳು ಸ್ವಿಚ್ಚಿನ ಮೇಲೇ ಇತ್ತು. ಅವರು ಮುಟ್ಟುವ ಮೊದಲು ಆರಿಸುತ್ತಿದ್ದೆನೋ, ಮುಟ್ಟಿದ ಮೇಲೆ ಆರಿಸುತ್ತಿದ್ದೆನೋ, ಅದನ್ನು ಇಲ್ಲಿ ಬರೆಯುವುದಿಲ್ಲ.

"ಮುಟ್ಟಿ ಸಾರ್," ಎಂದಳು ಒಬ್ಬ ತಾಯಿ. ಕೈಮುಗಿದ ಚಿತ್ರ ಹಾಕಿದವರಲ್ಲಿ ಅವಳೂ ಒಬ್ಬಳು. ಅವಳ ಮಗಳು ಈಜುಡುಪು ತೊಟ್ಟು ಪಕ್ಕದಲ್ಲೇ ನಿಂತಿದ್ದಳು. "ಯಾಕೆ, ಏನಾಯ್ತು?"

ಅಧ್ಯಕ್ಷರು ಕೈ ಹಿಂದೆಗೆದು ಪ್ಯಾಂಟಿಗೆ ಒರೆಸಿಕೊಂಡರು. "ಎಲೆಕ್ಟ್ರಿಷಿಯನ್ ಬಂದು ನೋಡ್ಲಿ. ಸೇಫ್ಟಿ ಫಸ್ಟ್."

"ಅಂದ್ರೆ ನಿಮಗೆ ಗೊತ್ತಿತ್ತು," ಅಂದಳು ಆ ತಾಯಿ. ಮಗಳ ಕೈ ಹಿಡಿದು ದಡದಿಂದ ಹಿಂದಕ್ಕೆ ಎಳೆದುಕೊಂಡಳು. ಈ ಸಲ ಯಾರೂ ನಗಲಿಲ್ಲ.

ನಾನು ದೀಪ ಆರಿಸಿ, ಪಟ್ಟಿ ಮತ್ತೆ ಕಟ್ಟಿದೆ. "ಕುಂಡ ಎತ್ತಿ," ಅಂದೆ. ವಾಚ್‌ಮನ್ ಬಗ್ಗಿದ. "ನೀನಲ್ಲಪ್ಪ. ಇಟ್ಟವರೇ ಎತ್ಲಿ." ಅವರೇ ಎತ್ತಿದರು, ಬಿಳಿ ಅಂಗಿಗೆ ಕೆಸರು ಬಳಿದುಕೊಂಡು. ಕಲ್ಲು ಸರಿಸಿ ಮುಚ್ಚಳ ತೆಗೆದರೆ ಬಾಕ್ಸಿನ ಅಂಚಿನವರೆಗೂ ನೀರು. ಅದರಲ್ಲಿ ತುಳಸಿ ಎಲೆ, ಕುಂಕುಮದ ಕೆಂಪು, ಹಸಿರು ಹಿಡಿದ ವೈರಿನ ತುದಿಗಳು. ಎಲ್ಲರೂ ಫೋಟೋ ತೆಗೆದುಕೊಂಡರು. ಮಧ್ಯಾಹ್ನದೊಳಗೆ ಗುಂಪಿನಲ್ಲಿ ಅದೇ ಚಿತ್ರ, ಕೈಮುಗಿದ ಚಿತ್ರ ಒಂದೂ ಇರಲಿಲ್ಲ.

ಈಗ ಬಾಕ್ಸು ಈಶಾನ್ಯದಲ್ಲೇ, ಮೊದಲಿನ ಎತ್ತರದಲ್ಲೇ, ಹೊಸ ಕಂಬದ ಮೇಲೆ ತಲೆಯೆತ್ತಿ ನಿಂತಿದೆ. ಹೊಸ ವೈರು ಎಳೆದ ಮೇಲೆ ನಾನೇ ಹಿಂಗೈಯಿಂದ ಕಂಬಿ ಮುಟ್ಟಿ ನೋಡಿ ಪಟ್ಟಿ ಬಿಚ್ಚಿದೆ. ತುಳಸಿ ಗೇಟಿನ ಬಳಿಗೆ ಹೋಗಿದೆ. ಅಲ್ಲಿಗೆ ಚೊಂಬು ಹಿಡಿದು ಹೋಗಲು ಅಧ್ಯಕ್ಷರು ಕೊಳದ ಪಕ್ಕವೇ ಹಾದುಹೋಗಬೇಕು. ಅವರು ಬರುವ ಹೊತ್ತಿಗೆ ಮೊದಲೆಲ್ಲ ನಾನು ಈಜು ಮುಗಿಸಿ ಮನೆ ಸೇರಿರುತ್ತಿದ್ದೆ. ಕೆಲಸದಲ್ಲಿದ್ದಾಗಲೂ ಆಮೇಲೂ ನನ್ನ ಬೆಳಗಿನ ವೇಳೆ ಕದಲಿದ್ದಿಲ್ಲ. ಈಗ ಕದಲಿಸಿದ್ದೇನೆ. ಚೊಂಬು ಮೂಲೆ ತಿರುಗುವುದನ್ನು ಕಂಡ ಮೇಲೇ ಎರಡೂ ಕೈಯಿಂದ ಕಂಬಿ ಹಿಡಿದು, ನಿಧಾನವಾಗಿ, ಒಂದೊಂದೇ ಮೆಟ್ಟಿಲು ಹತ್ತುತ್ತೇನೆ.

"ಗುಡ್ ಮಾರ್ನಿಂಗ್ ಆಂಟಿ," ಅನ್ನುತ್ತಾರೆ, ಚೊಂಬು ನೋಡಿಕೊಂಡು.

ಕೈ ಬಿಡುವುದಿಲ್ಲ ನಾನು. ಅವರು ಗೇಟು ಮುಟ್ಟುವವರೆಗೂ ಅಲ್ಲೇ ನಿಂತಿರುತ್ತೇನೆ.